ಕೊಸರು ಮನೆ

ಪಟ್ಟಿ ಬದಲಾಗುವ ದಿನ ನಮ್ಮೂರಿನಲ್ಲಿ ಯಾರೂ ಒಲೆಯ ಮೇಲೆ ಹಾಲು ಇಡುವುದಿಲ್ಲ. ತೊಟ್ಟಿಲಲ್ಲಿ ನಿದ್ದೆ ಹೋದ ಕೂಸನ್ನೂ ಎತ್ತಿ ಸೊಂಟಕ್ಕೇರಿಸಿಕೊಳ್ಳುತ್ತಾರೆ. ದನಗಳನ್ನು ಗೂಟದಿಂದ ಬಿಚ್ಚಿ ಬಾಗಿಲ ಚೌಕಟ್ಟಿಗೆ ಕಟ್ಟುತ್ತಾರೆ, ಯಾಕೆಂದರೆ ಗೂಟ ಇದ್ದಲ್ಲೇ ಉಳಿಯುತ್ತದೆ, ಮನೆ ಹೋಗುತ್ತದೆ. ಶಾಲೆಯಲ್ಲಿ ನಾವು ಕೋಷ್ಟಕ ಅನ್ನುವುದನ್ನು ಊರಿನವರು ಪಟ್ಟಿ ಅನ್ನುತ್ತಾರೆ. ಚಾವಡಿಯ ಗೋಡೆಯ ಮೇಲಿರುವ ಆ ಪಟ್ಟಿಯಲ್ಲಿ ಒಂದು ಅಡ್ಡಸಾಲೆಂದರೆ ಒಂದು ಓಣಿ, ಒಂದು ಚೌಕವೆಂದರೆ ಒಂದು ಮನೆ. ಅಲ್ಲಿ ಯಾರ ಹೆಸರಿನ ಪಕ್ಕ ಯಾರ ಹೆಸರಿದೆಯೋ ಇಲ್ಲಿ ಅವರ ಮನೆಯ ಪಕ್ಕ ಇವರ ಮನೆ. ವರ್ಷಕ್ಕೊಮ್ಮೆ ಪಟ್ಟಿ ಹೊಸದಾಗುತ್ತದೆ, ಊರೂ ಹೊಸದಾಗುತ್ತದೆ. ಅಂಚೆಯವನು ಮೊದಲು ಚಾವಡಿಗೆ ಬಂದು ಪಟ್ಟಿ ಓದಿಕೊಂಡೇ ಸೈಕಲ್ ಹತ್ತುತ್ತಾನೆ. ನೆರೆಯವರ ಜೊತೆ ಜಗಳ ಆಡುವವರು ಕೂಡ ಮುಂದಿನ ಪಟ್ಟಿಯ ತನಕ ಸಾಲುವಷ್ಟೇ ಆಡುತ್ತಾರೆ.

ಹಿಂದೆಲ್ಲ ಈ ಪಟ್ಟಿಯನ್ನು ವಿರೂಪಾಕ್ಷಪ್ಪ ಎಂಬ ಬಣ್ಣದವನು ಕುಂಚದಿಂದ ಬರೆಯುತ್ತಿದ್ದ. ಅವನ ಕೈ ನಡುಗಲು ಶುರುವಾಗಿ, ಒಂದು ವರ್ಷ ಕಮ್ಮಾರರ ಚೌಕ ಸೊಟ್ಟಗಾಗಿ ಅವರ ಮನೆಯೂ ಸೊಟ್ಟಗೆ ನಿಂತ ಮೇಲೆ, ಹಿರಿಯರು ಸೇರಿ ಗೋಡೆಗೊಂದು ದೊಡ್ಡ ಕಂಪ್ಯೂಟರ್ ಪರದೆ ತರಿಸಿದರು. ಡೇಟಾ ಕೊಟ್ಟರೆ ಪರದೆಯ ಮೇಲೆ ಪಟ್ಟಿ ಕಟ್ಟುವ ಜಾವಾಸ್ಕ್ರಿಪ್ಟ್ ಬರೆಯಲು ಯಾರಾದರೂ ಬೇಕಿತ್ತು. ಬರೆಯುವುದು ನನಗೆ ಗೊತ್ತಿತ್ತು, ಆದರೆ ನಾನು ಬೇರೆಯವರು ಬರೆದದ್ದನ್ನು ನೋಡುವವಳು. ಬರೆಯುವವರು ನೋಡುವಂತಿಲ್ಲ, ನೋಡುವವರು ಬರೆಯುವಂತಿಲ್ಲ ಎನ್ನುವುದು ಕುಂಚದ ಕಾಲದಿಂದ ಬಂದ ಕಟ್ಟಳೆ. ನೋಡುವವಳು ಕೀಲಿಮಣೆ ಮುಟ್ಟಬಾರದು, ತಿದ್ದಿ ಹೇಳಲೂಬಾರದು. ಕೇಳಬಹುದಾದದ್ದು ಒಂದೇ: ಇದು ಯಾಕೆ ಇಲ್ಲಿದೆ? ಬರೆದವರು ಕಾರಣ ಹೇಳಿದರೆ ಕೋಡಿನ ಆ ಸಾಲು ಉಳಿಯುತ್ತದೆ. ಗೊತ್ತಿಲ್ಲ ಅಂದರೆ ಅಳಿಸಬೇಕು. ಹೊತ್ತು ಮುಳುಗುವ ಮೊದಲು ನಾನು ‘ಒಪ್ಪಿಗೆ’ ಅಂದರೆ ಮುಗಿಯಿತು, ಪರದೆಯ ಮೇಲಿದ್ದದ್ದೇ ಒಂದು ವರ್ಷದ ಊರು.

ನನ್ನ ಬಾಯಿ ಸ್ವಲ್ಪ ಹರಿತ ಎಂದು ಊರಿನವರು ಹೇಳುತ್ತಾರೆ. ಸ್ವಲ್ಪ ಅಲ್ಲ, ಚೆನ್ನಾಗಿಯೇ ಹರಿತ. ಚಾವಡಿಯಲ್ಲಿ ನಾನು ಜಾವಾಸ್ಕ್ರಿಪ್ಟ್ ಪಾಠ ಶುರು ಮಾಡಿದಾಗ ಹುಡುಗರು ಹಿಂಡುಹಿಂಡಾಗಿ ಬಂದರು, ಯಾಕೆ ಯಾಕೆ ಎಂದು ಕೇಳುವ ನನ್ನ ಕಾಟ ತಾಳಲಾರದೆ ಅಷ್ಟೇ ಬೇಗ ಮಾಯವಾದರು. ಕೊನೆಗೆ ಉಳಿದವಳು ಶಾವಂತ್ರೆವ್ವ ಒಬ್ಬಳೇ. ರೊಟ್ಟಿ ಬಡಿದು ಮಾರುವವಳು, ನನಗಿಂತ ಹಿರಿಯಳು, ಆದರೂ ಪಾಠ ಹೇಳುವವಳೆಂದು ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ನಾನು ಒಂದು ಸಲ ಯಾಕೆ ಅಂದರೆ ಅವಳು ತಿರುಗಿ ಎರಡು ಸಲ ಯಾಕೆ ಅನ್ನುತ್ತಿದ್ದಳು. ಅಂಥವಳನ್ನು ಬಿಡಲುಂಟೇ!

ಶಾವಂತ್ರೆವ್ವನಿಗೆ ಮನೆ ಇರಲಿಲ್ಲ. ನಮ್ಮೂರಿನಲ್ಲಿ ಮನೆಗಳು ಜಾಗ ಬದಲಿಸುತ್ತಿದ್ದವೇ ಹೊರತು ಹೆಚ್ಚುತ್ತಿರಲಿಲ್ಲ. ಯಾರಾದರೂ ಇಟ್ಟಿಗೆ ತಂದು ಹೊಸದಾಗಿ ಕಟ್ಟಿದರೆ ಪಟ್ಟಿ ಬದಲಾದ ದಿನ ಆ ಗೋಡೆ ಮಣ್ಣಾಗುತ್ತಿತ್ತು. ವಿರೂಪಾಕ್ಷಪ್ಪ ಕುಂಚದಿಂದ ಒಂದು ಚೌಕ ಹೆಚ್ಚಿಗೆ ಬರೆದರೆ ಅದಕ್ಕೆ ಬಣ್ಣ ಹಿಡಿಯುತ್ತಿರಲಿಲ್ಲ. ಹಾಗಾಗಿ ಮದುವೆಯಾದವರೆಲ್ಲ ಅಣ್ಣತಮ್ಮಂದಿರ ಪಡಸಾಲೆಯಲ್ಲೋ ಹಿತ್ತಿಲಲ್ಲೋ ಹೊಂದಿಕೊಂಡಿದ್ದರು. ಶಾವಂತ್ರೆವ್ವ ಮತ್ತು ಅವಳ ಗಂಡ ಕಲ್ಲಪ್ಪ ಮೈದುನನ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಣಿಚೀಲದ ಪರದೆ ಕಟ್ಟಿಕೊಂಡು ಬದುಕುತ್ತಿದ್ದರು. ಮದುವೆಯಾಗಿ ಬಂದಾಗಿನಿಂದಲೂ ಹಾಗೇ. ಅವಳು ಉಣ್ಣುವುದು, ಬೈಯುವುದು, ಅಳುವುದು ಎಲ್ಲವನ್ನೂ ಓಣಿ ನೋಡುತ್ತಿತ್ತು. ಅದರ ಬಗ್ಗೆ ಅವಳು ಯಾವತ್ತೂ ಮಾತೆತ್ತಿದವಳಲ್ಲ, ಯಾರೂ ಕೇಳಿದವರೂ ಅಲ್ಲ.

ಆ ದಿನ ಮಧ್ಯಾಹ್ನ ಊರಿಗೆ ಊರೇ ಚಾವಡಿಯ ಮುಂದೆ ನೆರೆದಿತ್ತು. ಒಳಗೆ ಶಾವಂತ್ರೆವ್ವ ಸೆರಗು ಬಿಗಿದು ಕೀಲಿಮಣೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ನಾನು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಬಾಗಿಲಲ್ಲಿ ಗಂಟೆಯ ಹಗ್ಗ ಹಿಡಿದು ಹಿರಿಯ ಗುರುಪಾದಪ್ಪ. ಮೊದಲು ಓಡಿಸಬೇಕು, ಆಮೇಲೆ ಕೇಳಬೇಕು, ಒಂದು ಸಲಕ್ಕೆ ಒಂದೇ ಸಾಲಿನ ಬಗ್ಗೆ. ಪ್ರಯೋಗಕ್ಕೆಂದು ಬೇರೊಂದು ಊರು ನಮಗೆಲ್ಲಿದೆ? ಇರುವ ಊರಲ್ಲೇ ಓಡಿಸಬೇಕು. ಗುರುಪಾದಪ್ಪ ಗಂಟೆ ಬಾರಿಸಿದ. ಹೆಂಗಸರು ಕೂಸುಗಳನ್ನು ಅವುಚಿಕೊಂಡರು. ಶಾವಂತ್ರೆವ್ವ ಕಣ್ಣು ಮುಚ್ಚಿ ಕೀಲಿ ಒತ್ತಿದಳು.

ನೆಲ ಒಮ್ಮೆ ಅದುರಿತು. ಹೊರಗೆ ಯಾರೋ ಹೋ ಎಂದು ಕೂಗಿದರು. ನಾನು ಮೆಟ್ಟಿಲಿಗೆ ಓಡಿ ಬಂದು ನೋಡುತ್ತೇನೆ, ಊರಿನ ಅಷ್ಟೂ ಮನೆಗಳು ಒಂದೇ ಸಾಲಿನಲ್ಲಿ ನಿಂತಿವೆ! ಒಂದೇ ಓಣಿ. ಕೆರೆ ದಾಟಿ, ಗುಡ್ಡ ಹತ್ತಿ, ಗುಡ್ಡದಾಚೆಗೂ ಇಳಿದುಹೋಗಿದೆ, ಕೊನೆಯೇ ಕಾಣುವುದಿಲ್ಲ. ದೂರವಾದರೆ ಸಾಕೆಂದು ವರ್ಷವಿಡೀ ದೇವರಿಗೆ ಹರಕೆ ಹೊತ್ತಿದ್ದ ಅತ್ತಿಗೆ ನಾದಿನಿಯರು ಗೋಡೆಗೆ ಗೋಡೆ ತಾಗಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಕ್ಷೌರಿಕ ಮಲ್ಲೇಶಿ ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಕೈಹಿಡಿದುಕೊಂಡು ಅಂಗಡಿ ಎಲ್ಲಿ ಹೋಯಿತೆಂದು ಗುಡ್ಡದ ಕಡೆ ನಡೆಯುತ್ತಿದ್ದಾನೆ. ಆ ಗದ್ದಲದಲ್ಲಿ ಇನ್ನೇನು ಹೆಚ್ಚು ಕಡಿಮೆಯಾಗಿದೆ ಎಂದು ಯಾರೂ ನೋಡಲಿಲ್ಲ. ನಾನಂತೂ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡೆ.

“ಅಯ್ಯ ಶಿವನ, ಓಣಿ ಒಂದ ಆಗೈತಲ್ರಿ ಅಕ್ಕಾರ!” ಎಂದು ಶಾವಂತ್ರೆವ್ವ ತಲೆಯ ಮೇಲೆ ಕೈ ಹೊತ್ತಳು.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,” ಎಂದು ಗುರುಪಾದಪ್ಪ ಬಾಗಿಲಲ್ಲೇ ಗೊಣಗಿದ. ನಾನು ಅವನ ಕಡೆ ತಿರುಗಲಿಲ್ಲ. ಅವಳ ಪಕ್ಕ ಬಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪಿನ ಕಡೆ ಗದ್ದ ತೋರಿಸಿ ಕೇಳಿದೆ, “ಹೊಸ ಸಾಲು ಹುಟ್ಟಿಸೋ ಈ ಮಾತು ಲೂಪಿನ ಹೊರಗ ಐತಿ. ಯಾಕ ಅಲ್ಲೈತಿ ಶಾವಂತ್ರೆವ್ವಾ?”

ಅವಳು ಹಿಂದೆ ಮುಂದೆ ನೋಡದೆ ಹೇಳಿದಳು, “ಹಂಚು ಒಮ್ಮೆ ಒಲಿ ಮ್ಯಾಲ ಇಟ್ರ ಸಾಕಲ್ರಿ. ಒಂದೊಂದ ರೊಟ್ಟಿಗೂ ಹೊಸಾ ಹಂಚ ಇಡ್ತಾರೇನು?”

“ಹಂಚು ಒಂದ ಸಾಕು, ಖರೆ. ಬುಟ್ಟಿ?”

“ಬುಟ್ಟಿ ಗಿರಾಕಿಗೊಂದು,” ಎಂದಳು. ಎಂದವಳೇ ಬಾಯಿ ತೆರೆದುಕೊಂಡು ಪರದೆ ನೋಡಿದಳು. “ಅಯ್ಯ ನನ್ನ! ಎಲ್ಲಾ ಗಿರಾಕಿ ರೊಟ್ಟಿ ಒಂದ ಬುಟ್ಟಿಗೆ ಹಾಕೇನಿ. ಸಾಲು ಬುಟ್ಟಿ ಅಲ್ಲೇನ್ರಿ, ಹಂಚಲ್ಲ! ಓಣಿಗೊಂದು ಸಾಲು, ಲೂಪಿನ ಒಳಗ ಹುಟ್ಟಬೇಕು!”

ಕಲಿಸುವವರಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ನನಗೆ ಅಲ್ಲೇ ಒಂದು ಸುತ್ತು ಕುಣಿಯಬೇಕೆನಿಸಿತು. ನೋಡುವವಳ ಗತ್ತು ಬಿಡಬಾರದೆಂದು ತುಟಿ ಕಚ್ಚಿ ನಿಂತೆ. ಅವಳು ಆ ಮಾತನ್ನು ಕತ್ತರಿಸಿ, ಓಣಿಗೊಂದು ಸುತ್ತು ಹೊಡೆಯುವ ಹೊರಗಿನ ಲೂಪಿನ ಒಳಗೆ ತಂದಿಟ್ಟಳು. ಗಂಟೆ ಹೊಡೆಯಿತು, ಕೀಲಿ ಒತ್ತಿದಳು, ನೆಲ ಅದುರಿತು. ಈ ಸಲ ಒಂಬತ್ತು ಓಣಿಗಳೂ ಹೂವಿನ ಎಸಳು ಬಿಚ್ಚಿದ ಹಾಗೆ ಬಂದು ಕೂತವು. ಜನ ಚಪ್ಪಾಳೆ ತಟ್ಟಿದರು. ಮಲ್ಲೇಶಿ ಎದುರಿಗೇ ಬಂದು ನಿಂತ ಅಂಗಡಿಗೆ ಗಿರಾಕಿಯನ್ನು ನುಗ್ಗಿಸಿ ಉಳಿದರ್ಧ ಗಡ್ಡಕ್ಕೆ ಕತ್ತಿ ಹಚ್ಚಿದ.

ಚಪ್ಪಾಳೆ ನಿಲ್ಲುವ ಮೊದಲೇ ಮೂರನೆಯ ಓಣಿಯಿಂದ ಒಬ್ಬ ಹೆಂಗಸು ಓಡಿ ಬಂದಳು. “ನಮ್ಮ ಓಣಿ ಕೊನಿಗೆ ಒಂದು ಮನಿ ಬಂದೈತಿ! ಯಾರದಂತ ಗೊತ್ತಿಲ್ಲ!” ಅವಳ ಬೆನ್ನಿಗೇ ಇನ್ನೊಬ್ಬ, “ನಮ್ಮ ಓಣ್ಯಾಗೂ ಐತಿ!” ಒಂಬತ್ತೂ ಓಣಿಗಳಿಂದ ಅದೇ ಸುದ್ದಿ. ಎಲ್ಲರೂ ಓಡಿದೆವು. ನಾನೂ ಓಡಿದೆ. ಮೊದಲ ಓಣಿಯ ಕೊನೆಯಲ್ಲಿ ಸುಣ್ಣ ಬಳಿದ ಒಂದು ಮನೆ ಸುಮ್ಮನೆ ನಿಂತಿತ್ತು. ಬಾಗಿಲ ಮೇಲೆ ಹೆಸರಿರಲಿಲ್ಲ. ಒಳಗಿನ ಒಲೆಗೆ ಮಸಿ ತಗುಲಿರಲಿಲ್ಲ. ಹೊಸ ಮನೆ ಅನ್ನುವುದನ್ನು ನಾವ್ಯಾರೂ ನಮ್ಮ ಜೀವಮಾನದಲ್ಲಿ ಕಂಡವರಲ್ಲ. ಒಬ್ಬ ಮುದುಕಿ ಗೋಡೆಗೆ ಕೈ ಹಚ್ಚಿ, ತಂಪಾಗೈತಿ, ತಂಪಾಗೈತಿ ಎಂದು ಹೇಳುತ್ತಲೇ ಇದ್ದಳು.

ಆಮೇಲೆ ಏನಾಗಬೇಕೋ ಅದೇ ಆಯಿತು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲು ಎಸೆಯುವ ಜಾತಿ ನಮ್ಮದು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂಬತ್ತು ಮನೆಗಳ ಹೊಸ್ತಿಲ ಮೇಲೂ ಟವಲು, ರುಮಾಲು, ಚಾದರ ಬಿದ್ದವು. ಒಬ್ಬನಂತೂ ಹಾಕಲು ಏನೂ ಸಿಗದೆ ಉಟ್ಟ ಪಂಚೆಯನ್ನೇ ಬಿಚ್ಚಲು ಹೋಗಿ ಹೆಂಡತಿಯಿಂದ ಬೈಸಿಕೊಂಡ. ಅಷ್ಟರಲ್ಲಿ ಮಲ್ಲೇಶಿಯ ತಮ್ಮ ಪೊರಕೆ ತಂದು ಒಂದು ಮನೆಯ ಕಸ ಗುಡಿಸತೊಡಗಿದ್ದ, ಅದರಲ್ಲಿ ಕಸವೇ ಇರಲಿಲ್ಲ. ಕಲ್ಲಪ್ಪನೂ ಎದ್ದುಬಿದ್ದು ಓಡಿ ಹೋಗಿದ್ದ, ಆದರೆ ಅವನ ಮಂಡಿನೋವಿನ ಕಾಲು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟವಲನ್ನು ಹೆಗಲ ಮೇಲೇ ಹಾಕಿಕೊಂಡು ವಾಪಸು ಬಂದ.

ಮನೆಗಳನ್ನು ಬರಿಸಿದ ಶಾವಂತ್ರೆವ್ವ ಕುರ್ಚಿಯಿಂದ ಎದ್ದಿರಲಿಲ್ಲ. ಬರೆಯುವವರು ಒಪ್ಪಿಗೆಯಾಗುವ ತನಕ ಏಳುವಂತಿಲ್ಲ.

ಯಾರು ಇಟ್ಟರೋ ಗೊತ್ತಿಲ್ಲ, ನಾನು ಚಾವಡಿಗೆ ತಿರುಗಿ ಬರುವಷ್ಟರಲ್ಲಿ ಆ ಮನೆಗಳಿಗೆ ಕೊಸರು ಮನೆ ಎಂದು ಹೆಸರೂ ಬಿದ್ದಿತ್ತು. ಜನ ನನ್ನನ್ನು ಸುತ್ತುವರಿದು, ಆಯಿತಲ್ಲ ಅಕ್ಕಾರ, ಒಪ್ಪಿಗಿ ಕೊಟ್ಟಬಿಡ್ರಿ ಎಂದು ಗಂಟುಬಿದ್ದರು. ಆದರೆ ನನ್ನ ಕಣ್ಣು ಆಗಲೇ ಹೆಸರಿಗೊಂದು ಚೌಕ ಕಟ್ಟುವ ಒಳಗಿನ ಲೂಪಿನ ಮೇಲೆ ಬಿದ್ದಿತ್ತು. ಎಣಿಕೆ ಸೊನ್ನೆಯಿಂದ ಶುರುವಾಗಿ, ಹೆಸರುಗಳನ್ನು ಜೋಡಿಸಿಟ್ಟ ಅರೇಯ ಉದ್ದಕ್ಕಿಂತ ಚಿಕ್ಕದಿರುವ ತನಕ ನಡೆಯಬೇಕು. ಅವಳು ಚಿಕ್ಕದು ಎನ್ನುವ ಗುರುತಿನ ಮುಂದೆ ಸಮ ಎನ್ನುವ ಗುರುತನ್ನೂ ಸೇರಿಸಿದ್ದಳು. ಹೆಸರುಗಳೆಲ್ಲ ಮುಗಿದ ಮೇಲೂ ಲೂಪು ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿ ಏನೂ ಇಲ್ಲದೆ, ಖಾಲಿ ಚೌಕ ಕಟ್ಟಿ ಬರುತ್ತಿತ್ತು. ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಅಂಥ ಲೂಪನ್ನು ನಾನು ಒಂದು ಸಲವೂ ಒಪ್ಪಿದವಳಲ್ಲ. ಅದು ನನ್ನ ಜಂಬ.

“ಈ ಸಮ ಗುರುತು ಯಾಕ ಇಲ್ಲೈತಿ?” ಎಂದು ಕೇಳಿದೆ.

ಚಾವಡಿಯಲ್ಲಿ ಗುಲ್ಲೆದ್ದಿತು. “ದೇವರು ಕೊಟ್ಟರೂ ಪೂಜಾರಿ ಕೊಡ ಅಂದಂಗಾತು!” ಎಂದು ಮಲ್ಲೇಶಿ ಕೂಗಿದ. ನಾನು ಕೈ ಎತ್ತಿದೆ, ಸುಮ್ಮನಾದರು. ನಿಜ ಹೇಳುತ್ತೇನೆ, ಏನಾದರೂ ಒಂದು ಕಾರಣ ಹೇಳೇ ತಾಯಿ, ಎಂಥದಾದರೂ ಸರಿ, ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಹೇಳಿಕೊಡುವ ಹಾಗಿರಲಿಲ್ಲ.

ಶಾವಂತ್ರೆವ್ವ ಪರದೆಯ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದಳು. “ಕೈ ರೂಢಿ ರೀ,” ಎಂದಳು ಸಣ್ಣ ದನಿಯಲ್ಲಿ. “ರೊಟ್ಟಿ ಎಣಿಸಿ ಮುಗಿಸಿದ ಮ್ಯಾಲ ಕೊಸರು ಅಂತ ಒಂದ ಹಾಕ್ತೀನಲ್ಲ, ಹಂಗ ಇಲ್ಲೂ ಕೈ ಹೋಗೈತಿ.”

“ರೂಢಿ ಅನ್ನೂದು ಕಾರಣ ಅಲ್ಲ ಶಾವಂತ್ರೆವ್ವಾ. ತಿಳಿದು ಹಾಕಿದ್ರೋ, ತಿಳೀದ ಹಾಕಿದ್ರೋ?”

ತಿಳಿದೇ ಹಾಕಿದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಡೀ ಊರು ಹಾಗೇ ಅನ್ನು ಎಂದು ಅವಳ ಬಾಯಿಯನ್ನೇ ನೋಡುತ್ತಿತ್ತು. ಅವಳು, “ತಿಳೀದ ಬಂದದ್ದು ರೀ. ಸುಳ್ಳ ಯಾಕ ಹೇಳ್ಲಿ,” ಎಂದಳು. ಎಂದು ಆ ಗುರುತನ್ನು ಅಳಿಸಿದಳು. ಗುರುಪಾದಪ್ಪ ಗಂಟೆ ಬಾರಿಸಿದ.

ನೆಲ ಅದುರಿತು. ಒಂಬತ್ತು ಮನೆಗಳೂ ಇಲ್ಲವಾದವು. ಬರಿ ನೆಲದ ಮೇಲೆ ಟವಲುಗಳು ಬಿದ್ದಿದ್ದವು. ಬಯಲಿನ ನಡುವೆ ಮಲ್ಲೇಶಿಯ ತಮ್ಮ ಪೊರಕೆ ಹಿಡಿದುಕೊಂಡು ಬಗ್ಗಿದ್ದವನು ಬಗ್ಗಿದ ಹಾಗೇ ಉಳಿದಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೊಸದಾಗಿ ಮದುವೆಯಾದವರು ನಿಟ್ಟುಸಿರುಬಿಟ್ಟರು. ಕೆಲವರು ಅವಳನ್ನು ಬೈದರು, ಹೆಚ್ಚಿನವರು ನನ್ನನ್ನು. ಆ ಗೋಡೆ ಮುಟ್ಟಿದ ಮುದುಕಿ ಕೈ ನೋಡಿಕೊಳ್ಳುತ್ತಾ ನಿಂತಿದ್ದಳು.

ಈಗ ಪಟ್ಟಿ ಸರಿಯಾಗಿತ್ತು. ಒಂದು ಚುಕ್ಕೆ ಆಚೀಚೆ ಇರಲಿಲ್ಲ. ನೋಡುವವಳು ಕನಸು ಕಾಣುವಂಥ ಕೋಡು. ಗುಡ್ಡದ ನೆತ್ತಿಗೆ ಸೂರ್ಯ ತಾಗಿದ್ದ. “ಹೊತ್ತಾತ್ರಿ ಅಕ್ಕಾರ, ಒಪ್ಪಿಗಿ ಅನ್ರಿ,” ಎಂದ ಗುರುಪಾದಪ್ಪ. ಬಾಯಿ ತೆರೆದೆ. ಅನ್ನುವ ಬದಲು ಪಟ್ಟಿಯನ್ನು ಮತ್ತೆ ಮೊದಲಿನಿಂದ ನೋಡತೊಡಗಿದೆ. ಯಾಕೆಂದು ನನಗೇ ಗೊತ್ತಾಗಲಿಲ್ಲ.

“ತಡೀರಿ,” ಎಂದಳು ಶಾವಂತ್ರೆವ್ವ. “ಒಪ್ಪಿಗಿ ಆಗೋ ತನಕ ಬರಿಯೂದು ನನ್ನ ಪಾಳಿ ಅಲ್ಲೇನ್ರಿ?”

“ನಿಮ್ಮದ,” ಎಂದೆ.

ಅವಳು ಬೆರಳು ಚಾಚಿ, ಅಳಿಸಿದ್ದ ಸಮ ಗುರುತನ್ನು ಅದೇ ಜಾಗದಲ್ಲಿ ಮತ್ತೆ ಒತ್ತಿದಳು. ಅಷ್ಟಕ್ಕೇ ನಿಲ್ಲಿಸದೆ ಲೂಪುಗಳ ಕೆಳಗೆ ಇನ್ನೊಂದು ಸಾಲು ಶುರು ಮಾಡಿದಳು. ಒಂದೇ ಬೆರಳಿನ ಕೆಲಸ, ಒಂದೊಂದು ಅಕ್ಷರಕ್ಕೂ ಕೀಲಿ ಹುಡುಕಬೇಕು. ಸೂರ್ಯ ಇಳಿಯುತ್ತಿದ್ದಾನೆ, ಅವಳು ಹುಡುಕುತ್ತಿದ್ದಾಳೆ, ನಾನು ಬೆನ್ನ ಹಿಂದೆ ನನ್ನ ಬೆರಳುಗಳನ್ನು ನಾನೇ ತಿರುಚಿಕೊಳ್ಳುತ್ತಿದ್ದೇನೆ. ಮೊದಲ ಸಾಲಿನ ಕೊನೆಯ ಚೌಕದಲ್ಲಿ ಒಂದು ಹೆಸರು ಬರೆ ಎನ್ನುವ ಮಾತು ಅದು. ಹೆಸರು, ಶಾವಂತ್ರೆವ್ವ. ಗಂಡನ ಹೆಸರಿಲ್ಲ, ಮನೆತನದ ಹೆಸರಿಲ್ಲ.

“ಏ ಏ, ಇದೇನ ಇದು!” ಗುರುಪಾದಪ್ಪ ಹಗ್ಗ ಬಿಟ್ಟು ಒಳಗೆ ಬಂದ. “ಡೇಟಾದಾಗ ಇಲ್ಲದ ಹೆಸರು ಪಟ್ಟಿಗೆ ಹೆಂಗ ಬರತೈತಿ? ಮನಿ ಇದ್ದವರ ಹೆಸರಷ್ಟ ಡೇಟಾದಾಗ ಇರೂದು. ಅಕ್ಕಾರ, ಅಳಿಸಂತ ಹೇಳ್ರಿ.”

“ಹಿರಿಯರ, ಕೇಳೂದು ನನ್ನ ಕೆಲಸ. ನೀವು ಗಂಟಿ ಬಾರಿಸ್ರಿ,” ಎಂದೆ. ಓಡಿಸಿ ಕೇಳುವಷ್ಟು ಹೊತ್ತು ಉಳಿದಿರಲಿಲ್ಲ. ಅವಳ ಕಡೆ ತಿರುಗಿದೆ. “ಶಾವಂತ್ರೆವ್ವಾ, ಈ ಸಮ ಗುರುತು ಯಾಕ ಇಲ್ಲೈತಿ?”

ಅವಳು ಕುರ್ಚಿಯಲ್ಲಿ ತಿರುಗಿ ನನ್ನನ್ನು ನೋಡಿದಳು. “ಹೆಸರು ಮುಗದ ಮ್ಯಾಲ ಲೂಪು ಇನ್ನೊಂದ ಹೆಜ್ಜಿ ಹೋಗ್ಲಿ ಅಂತ. ಅಲ್ಲಿ ಏನೂ ಇರಂಗಿಲ್ಲ, ನನಗ ಗೊತ್ತೈತಿ. ಖಾಲಿ ಚೌಕ ಬರತೈತಿ. ಈ ಸಲ ತಿಳದ ಹಾಕೇನಿ.”

“ಖಾಲಿ ಚೌಕ ಯಾಕ ಬೇಕು?”

“ನನಗ ಮನಿ ಬೇಕ್ರಿ ಅಕ್ಕಾರ,” ಎಂದಳು ಶಾವಂತ್ರೆವ್ವ. “ಕಟ್ಟಿ ಮ್ಯಾಲ ಬಾಳೇ ಮಾಡಿ ಸಾಕಾಗೈತಿ. ಉಳದವು ಎಂಟು, ಅವೂ ಇರಲಿ, ನನ್ನಂಗ ಎಷ್ಟ ಮಂದಿ ಅದಾರ. ಆದ್ರ ಇದೊಂದು ನನಗ ಬೇಕು.”

ಅಷ್ಟು ನೇರವಾಗಿ ತನಗೆ ಬೇಕು ಎಂದು ಅವಳು ಹೇಳಿದ್ದನ್ನು ಊರು ಅವತ್ತೇ ಮೊದಲು ಕೇಳಿದ್ದು. ಅವಳ ಮೈದುನ ತಲೆ ತಗ್ಗಿಸಿದ. ಕಲ್ಲಪ್ಪ ಟವಲಿನಿಂದ ಮೂಗು ಒರೆಸಿಕೊಂಡ. ನನಗೆ ಎಲ್ಲಿಲ್ಲದ ಸಂತೋಷ ಉಕ್ಕಿ ಬಂತು. ಅರೇಯ ಅಂಚು ದಾಟಿದ ಲೂಪು ಕಣ್ಣೆದುರಿಗೇ ಇದೆ, ನನ್ನ ಜಂಬ ಮಣ್ಣುಪಾಲಾಗಿದೆ, ಆದರೂ ಅದಕ್ಕಿಂತ ಚೆನ್ನಾಗಿ ಕಾರಣ ಗೊತ್ತಿರುವ ಸಾಲನ್ನು ನಾನು ನೋಡಿರಲಿಲ್ಲ. “ಒಪ್ಪಿಗೆ!” ಎಂದೆ. ಎಂದದ್ದಲ್ಲ, ಕಿರುಚಿದೆ. ಗುರುಪಾದಪ್ಪ ಏನೋ ಅನ್ನಲು ಹೋಗಿ ನನ್ನ ಮುಖ ನೋಡಿ ಹಗ್ಗ ಹಿಡಿದ. ಸೂರ್ಯನ ಅಂಚೊಂದೇ ಉಳಿದಿತ್ತು. ಗಂಟೆ ಹೊಡೆಯಿತು, ಅವಳು ಕೀಲಿ ಒತ್ತಿದಳು, ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಎಲ್ಲರಿಗಿಂತ ಮೊದಲು ಓಡಿದವಳು ಅವಳೇ. ಹಿಂದೆ ನಾನು ಸೀರೆ ಎತ್ತಿ ಕಟ್ಟಿಕೊಂಡು, ನನ್ನ ಹಿಂದೆ ಊರು. ಮೊದಲ ಓಣಿಯ ಕೊನೆಯಲ್ಲಿ ಮನೆ ನಿಂತಿತ್ತು, ಬಾಗಿಲ ಮೇಲೆ ಅವಳ ಹೆಸರಿತ್ತು. ಕಲ್ಲಪ್ಪ ಕಟ್ಟೆಗೆ ಹೋಗಿ ಹಾಸಿಗೆ ಸುರುಳಿ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದ. ಆರತಿ ತಟ್ಟೆ ತರಲು ಯಾರೋ ಹೋದರು. ಆರತಿಗೂ ಕಾಯದೆ ಶಾವಂತ್ರೆವ್ವ ಹೊಸ್ತಿಲು ದಾಟಿ ಒಳಗೆ ಹೋಗಿ, ತಿರುಗಿ ನಿಂತು, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ನಾವು ಮುಖ ಮುಖ ನೋಡಿಕೊಂಡೆವು. ಚಿಲಕ ತೆಗೆದ ಸದ್ದು ಕೇಳಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಮತ್ತೆ ಚಿಲಕ ಬಿತ್ತು.

“ಏ ಇವಳ, ನಾ ಹೊರಗ ಅದೀನಿ,” ಎಂದು ಕಲ್ಲಪ್ಪ ಬಾಗಿಲು ತಟ್ಟಿದ.

“ಗೊತ್ತೈತ್ರಿ,” ಎಂದಳು ಒಳಗಿನಿಂದ. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. “ತಡೀರಿ, ಇನ್ನೊಮ್ಮೆ ಹಾಕಿ ತಗೀತೀನಿ.”

ಕಲ್ಲಪ್ಪ ಹಾಸಿಗೆ ಸುರುಳಿಯನ್ನು ಕೆಳಗಿಟ್ಟು ಅದರ ಮೇಲೆ ಕೂತ. ಯಾರೂ ಅವಸರ ಮಾಡಲಿಲ್ಲ. ಅವಳಿಗೆ ಸಾಕೆನಿಸುವ ತನಕ ನಾವೆಲ್ಲ ಹೊರಗೇ ನಿಂತಿದ್ದೆವು.